ಎಡಗಡೆಯ ಸದ್ದು

ಫೆಬ್ರವರಿ 6

ಬಲಗಡೆಗೆ,

ಉಭಯ ಕುಶಲೋಪರಿ ಎಂದು ಶುರು ಮಾಡೋಣವೆಂದು ಪೆನ್ನು ಹಿಡಿದೆ. ಉಭಯರಲ್ಲಿ ಒಬ್ಬನೂ ಕುಶಲವಾಗಿಲ್ಲ, ಇನ್ನು ಉಪರಿ ಎಲ್ಲಿಂದ ಬರಬೇಕು? ನೇರ ವಿಷಯಕ್ಕೆ ಬರುತ್ತೇನೆ.

ನಮ್ಮ ಪಂಪ್ ಕಾರ್ಖಾನೆಯವರು ಹಿಂದಿನ ಶೆಡ್ಡುಗಳನ್ನು ಕೆಡವುತ್ತಾರಂತೆ. ನವೆಂಬರ್ ಮುಗಿಯುವುದರೊಳಗೆ ಖಾಲಿ ಮಾಡಬೇಕು. ಗಾಡಿ ನಾಲ್ಕು ವರ್ಷದಿಂದ ಹಿಂದಿನ ಎರಡು ಚಕ್ರ ಮೇಲೆತ್ತಿಕೊಂಡು ಸ್ಟ್ಯಾಂಡಿನ ಮೇಲೆ ಕೂತಿದೆ. ಮುಚ್ಚಿದ ಬಟ್ಟೆಯ ಮೇಲೆ ತಗಡಿನ ತೂತಿನಿಂದ ನೀರು ಸೋರಿ, ಬಟ್ಟೆ ಗೆರೆಗೆರೆಯಾಗಿ ಕೊಳೆತಿದೆ. ಅದನ್ನು ಲಾರಿಗೆ ಹೇರಿ ಸಾಗಿಸುವುದಕ್ಕೆ ನನಗೆ ಮನಸ್ಸಿಲ್ಲ. ಮೀಸೆ ಸರಿಯಾಗಿ ಬರದ ವಯಸ್ಸಿನಲ್ಲಿ ನಾವಿಬ್ಬರು ಗುಜರಿಯಿಂದ ತಳ್ಳಿಕೊಂಡು ತಂದ ಕಾರು ಅದು. ಎರಡೇ ಸೀಟು, ತಲೆಯ ಮೇಲೆ ಚಾವಣಿ ಇಲ್ಲ, ಆದರೂ ರಾಜನ ಠೀವಿ. ಹೋಗುವಾಗ ತನ್ನ ಕಾಲ ಮೇಲೆ ತಾನು ಹೋಗಲಿ.

ಅದಕ್ಕೇ ನಾಲ್ಕು ಕ್ರಾಸ್ ಕಿಟ್ ತರಿಸಿದ್ದೇನೆ. ಎಡಚಕ್ರದ ಶಾಫ್ಟಿಗೆ ಎರಡು, ಬಲಚಕ್ರದ ಶಾಫ್ಟಿಗೆ ಎರಡು. ಶಾಫ್ಟು ತಿರುಗುತ್ತಲೇ ಇರಬೇಕು, ಚಕ್ರ ಏರಿಳಿದಂತೆ ಬಾಗುತ್ತಲೂ ಇರಬೇಕು, ಆ ಮಣಿಕಟ್ಟೇ ಕ್ರಾಸು. ಅದರ ನಾಲ್ಕು ತುದಿಗೂ ಟೋಪಿಯಂಥ ಒಂದೊಂದು ಕಪ್ಪು, ಕಪ್ಪಿನ ಒಳಗೋಡೆಗೆ ಸಾಲಾಗಿ ನಿಂತ ಉಕ್ಕಿನ ಸೂಜಿಗಳು. ನೋಡು, ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವನಿಗೆ ಪಾಠ ಹೇಳುತ್ತಿದ್ದೇನೆ. ನೀನು ಊರು ಬಿಟ್ಟು ಹೋಗಿ ನಾಲ್ಕು ವರ್ಷ ಮಾತಾಡದಿದ್ದರೆ ಏನು ಮಾತಾಡಬೇಕೋ ತೋಚುವುದಿಲ್ಲ.

ಎಡಗಡೆಯದನ್ನು ಬಿಚ್ಚಿ ಆಯಿತು. ಒಳಗೆಲ್ಲ ತುಕ್ಕಿನ ಪುಡಿ. ಒಂದು ಕಪ್ಪಿನೊಳಗೆ ಇಪ್ಪತ್ನಾಲ್ಕು ಸೂಜಿ ಇರಬೇಕಾದ ಕಡೆ ಇಪ್ಪತ್ಮೂರೇ ಇದ್ದವು. ಪುಟ್ಟಿ ಕೊನೆಕೊನೆಗೆ 'ಅಣ್ಣ, ನಿನ್ನ ಕಡೆ ಟಕ್ ಅಂತಿದೆ' ಎಂದು ರಾಗ ತೆಗೆಯುತ್ತಿದ್ದಳಲ್ಲ, ಅದು ಇದೇ ಇರಬೇಕು. ಹಳೆಯದನ್ನೆಲ್ಲ ಗುಜರಿ ಡಬ್ಬಕ್ಕೆ ಹಾಕಿದೆ. ನಿನ್ನ ಕಡೆಯದನ್ನು ಮುಟ್ಟಿಲ್ಲ. ಎಡಗಡೆ ನನ್ನದು, ಬಲಗಡೆ ನಿನ್ನದು, ಒಬ್ಬರ ಬದಿಗೆ ಇನ್ನೊಬ್ಬರು ಸ್ಪ್ಯಾನರ್ ಹಾಕುವಂತಿಲ್ಲ. ಬ್ರೇಕಿನ ವಿಷಯಕ್ಕೆ ನಾವು ಹೊಡೆದಾಡಿದ ದಿನ ಪುಟ್ಟಿ ಮಾಡಿದ ಕಾನೂನು. ನಮಗೆ ಈ ಹೆಸರಿಟ್ಟವಳೂ ಅವಳೇ. ಅವಳು ನಿನ್ನ ಹೆಂಡತಿಯಾಗುವ ಮೊದಲೇ ನೀನು ಬಲಗಡೆ, ನಾನು ಎಡಗಡೆ.

ಅವಳನ್ನು ಕೊನೆಯ ಸಲ ಕಳಿಸಿಕೊಟ್ಟ ದಿನ ನಾಲ್ಕು ಜನರ ಮುಂದೆ ನಾನು ಆಡಿದ್ದು ಆಡಿಯಾಗಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದನ್ನು ಅಂಟಿಸುವುದಕ್ಕೆ ನಾನು ಬರೆಯುತ್ತಿಲ್ಲ. ಒಂದು ಭಾನುವಾರ ಬಂದು ನಿನ್ನ ಬದಿ ಮುಗಿಸಿಕೊಟ್ಟು ಹೋಗು.

ಇಂತಿ,
ಎಡಗಡೆ


ಫೆಬ್ರವರಿ 21

ಭಾವನವರಿಗೆ,

ನಿಮ್ಮ ಪತ್ರ ತಲುಪಿತು. ನಾನು ಬರುವುದಿಲ್ಲ. ಗಾಡಿಯನ್ನು ನಿಮಗೆ ತೋಚಿದಂತೆ ಮಾಡಿ. ಬಲಗಡೆಯನ್ನು ಮಾತ್ರ ಯಾರೂ ಬಿಚ್ಚಬಾರದು, ನೀವೂ ಸಹ.

ಒಂದೇ ಪ್ರಶ್ನೆ. ಹಳೆಯ ಕಪ್ಪುಗಳನ್ನು ಗುಜರಿ ಡಬ್ಬಕ್ಕೆ ಹಾಕಿದೆ ಎಂದಿದ್ದೀರಿ. ಆ ಡಬ್ಬ ಇನ್ನೂ ಅಲ್ಲೇ ಇದೆಯೇ?

ಇಂತಿ,
ನಿಮ್ಮ ತಂಗಿಯ ಗಂಡ


ಮಾರ್ಚ್ 2

ಬಲಗಡೆಗೆ,

ಆಹಾ! 'ಭಾವನವರು', 'ನೀವು', 'ಮಾಡಿ'! ಒಂದೇ ತಟ್ಟೆಯಲ್ಲಿ ತಿಂದವನಿಗೆ ಕಚೇರಿಯವರ ಹಾಗೆ ಕಾಗದ ಬರೆಯುತ್ತೀಯಲ್ಲ, ನಾಚಿಕೆ ಆಗಬೇಕು ನಿನಗೆ. ಬೈದು ಬರಿ ಕಣೋ. ಬೈದರೆ ನನಗೂ ಸಮಾಧಾನ.

ಡಬ್ಬ ಇಲ್ಲ. ಗುಜರಿಯವನು ಹೋದ ವಾರವೇ ಬಂದು ಸುರಿದುಕೊಂಡು ಹೋದ. ಸವೆದ ಕಬ್ಬಿಣ ನಿನಗ್ಯಾಕೆ? ಬರುವುದಿಲ್ಲ ಎನ್ನುವವನು ಡಬ್ಬ ಯಾಕೆ ಕೇಳುತ್ತೀಯ? ನಾನು ಏರಿಗೆಳೆದರೆ ನೀನು ನೀರಿಗೆಳೆಯುವುದು ಈ ಜನ್ಮದಲ್ಲಿ ಮುಗಿಯುವುದಿಲ್ಲ ಬಿಡು.

ಎಡಗಡೆ ಕೆಲಸ ಮುಗಿಯಿತು. ಹೇಗೆ ಮುಗಿಯಿತು ಎಂದು ಕೇಳಬೇಡ. ಹೊಸ ಕಿಟ್ಟಿನಲ್ಲಿ ಸೂಜಿಗಳನ್ನು ಜೋಡಿಸಿಯೇ ಕಳಿಸುತ್ತಾರೆ, ಹಾಗೇ ಕೂರಿಸಬಹುದು, ಇಡೀ ಲೋಕ ಹಾಗೇ ಕೂರಿಸುತ್ತದೆ. ನಮ್ಮ ಮನೆಯ ಪದ್ಧತಿ ಮಾತ್ರ ಬೇರೆ. ಎಲ್ಲ ಸೂಜಿ ಸುರಿದು, ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ನಮ್ಮ ಗ್ರೀಸ್ ಹಚ್ಚಿ, ಒಂದೊಂದಾಗಿ ಕಪ್ಪಿನ ಗೋಡೆಗೆ ನಿಲ್ಲಿಸಬೇಕು. 'ಕಂಪನಿಯವರು ಉಗುಳು ಹಚ್ಚಿ ಕಳಿಸಿರ್ತಾರೆ ಅಣ್ಣ' ಎಂದು ಪುಟ್ಟಿ ಹಠ ಹಿಡಿದು ಶುರು ಮಾಡಿದ್ದು. ಸೂಜಿ ಇಡುವುದು ಎಂದರೆ ಅವಳ ಇಲಾಖೆ. ಬೆಂಚಿನ ತುದಿಯಲ್ಲಿ ಸ್ಟೂಲು ಹಾಕಿಕೊಂಡು, ಎಣಿಸುತ್ತಾ, ನಮ್ಮಿಬ್ಬರನ್ನೂ ಆಡಿಕೊಳ್ಳುತ್ತಾ, ಒಂದು ಕಪ್ಪನ್ನು ನಾನು ಬೀಡಿ ಸೇದಿ ಮುಗಿಸುವುದರೊಳಗೆ ಮುಗಿಸುತ್ತಿದ್ದಳು.

ನನಗೆ ಎಂಟು ಕಪ್ಪಿಗೆ ಎರಡು ಭಾನುವಾರ ಹಿಡಿಯಿತು. ನನ್ನ ಬೆರಳೋ, ಒಂದೊಂದೂ ಒನಕೆ. ಇಪ್ಪತ್ತೆರಡು ನಿಲ್ಲಿಸಿದರೆ ಇಪ್ಪತ್ಮೂರನೆಯದನ್ನು ಇಡುವಾಗ ಹದಿನೈದು ಬೀಳುತ್ತವೆ. ಕ್ರಾಸಿನ ಮೇಲೆ ಕಪ್ ಇಟ್ಟು ಬೆಂಚಿಗೆ ಬಿಗಿದ ವೈಸಿನ ಬಾಯಲ್ಲಿ ಒತ್ತುವಾಗ ಒಂದು ಸೂಜಿ ತಳಕ್ಕೆ ಅಡ್ಡ ಬಿದ್ದರೆ ಮುಗಿಯಿತು, ಕಪ್ಪನ್ನು ಹಿಡಿದಿಡುವ ಲಾಕು ಕೂರುವುದಿಲ್ಲ, ಮತ್ತೆ ಬಿಚ್ಚು. ಮೂರು ಸಲ ಬಿಚ್ಚಿದೆ. ಮೂರನೇ ಸಲ ಸುತ್ತಿಗೆ ಎಸೆದು ಕೂತುಕೊಂಡು ಅತ್ತೆ. ನಿನಗೆ ಸುಳ್ಳು ಯಾಕೆ ಹೇಳಲಿ, ಮಗುವಿನ ಹಾಗೆ ಅತ್ತೆ.

ನೀನು ಬರದಿದ್ದರೆ ಬಲಗಡೆಯನ್ನೂ ನಾನೇ ಮಾಡುತ್ತೇನೆ. ಕಾನೂನು ಮಾಡಿದವಳೇ ಇಲ್ಲ, ಇನ್ನು ಕಾನೂನು ಯಾರಿಗೆ?

ಇಂತಿ,
ಎಡಗಡೆ


ಮಾರ್ಚ್ 30

ಭಾವನವರಿಗೆ,

ಮುಟ್ಟಬೇಡಿ. ಕೈಮುಗಿದು ಕೇಳುತ್ತೇನೆ, ಬಲಗಡೆಯನ್ನು ಮುಟ್ಟಬೇಡಿ.

ಬರೆಯಬಾರದು ಎಂದುಕೊಂಡಿದ್ದೆ. ನೀವು ಬಿಡುವವರಲ್ಲ. ಆ ಕಪ್ಪುಗಳಲ್ಲಿ ಸೂಜಿ ಇಟ್ಟವಳು ಅವಳು. ಅದಾದ ಮೇಲೆ ಅವಳ ಕೈ ಅಂಥ ಕೆಲಸ ಯಾವುದನ್ನೂ ಮಾಡಲಿಲ್ಲ. ಎರಡು ತಿಂಗಳಿಗೆ ಅಂಗಿಯ ಗುಂಡಿ ಹಾಕಲು ಬರಲಿಲ್ಲ, ಆರು ತಿಂಗಳಿಗೆ ಚಮಚ ಹಿಡಿಯಲು ಬರಲಿಲ್ಲ. ಅವಳ ಸೀರೆಗಳನ್ನು ನನ್ನ ಅಕ್ಕತಂಗಿಯರು ಹಂಚಿಕೊಂಡರು. ಹೊಲಿಗೆ ಯಂತ್ರ ನಾನೇ ಕೊಟ್ಟೆ, ನೋಡಲಾಗುತ್ತಿರಲಿಲ್ಲ. ಅವಳ ಬೆರಳು ಇಟ್ಟದ್ದು ಇಟ್ಟ ಹಾಗೇ ಉಳಿದಿರುವುದು ಲೋಕದಲ್ಲಿ ಆ ಹದಿನಾರು ಕಪ್ಪುಗಳ ಒಳಗೆ ಮಾತ್ರ. ಎಂಟು ನಿಮ್ಮ ಬದಿ, ಎಂಟು ನನ್ನ ಬದಿ. ನಿಮ್ಮ ಎಂಟನ್ನು ಗುಜರಿಯವನು ಸುರಿದುಕೊಂಡು ಹೋದ.

ಇಷ್ಟು ಬರೆದ ಮೇಲೆ ಉಳಿದದ್ದನ್ನೂ ಬರೆಯುತ್ತೇನೆ. 'ಒಂದೇ ಮನೆಯಲ್ಲಿದ್ದೆ, ಒಂದೇ ಮಂಚದಲ್ಲಿ ಮಲಗಿದ್ದೆ, ನಿನಗೆ ಕಣ್ಣಿರಲಿಲ್ವಾ' ಎಂದು ನೀವು ಕೇಳಿದಿರಿ. ಬಂದವರೆಲ್ಲ ತಲೆ ತಗ್ಗಿಸಿದರು. ಒಂದು ಸಂಜೆ ಗುಂಡಿ ಹೊಲಿಯುತ್ತಾ ಕೂತವಳು, 'ರೀ, ಸೂಜಿ ಹಿಡಿದಿದ್ದೀನೋ ಇಲ್ವೋ ಗೊತ್ತೇ ಆಗ್ತಿಲ್ಲ ನೋಡಿ' ಎಂದಳು. ಮಾರನೇ ಬೆಳಿಗ್ಗೆಯೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕತ್ತಿನ ಮೂಳೆಯೊಳಗೆ ಗಡ್ಡೆ. ಡಾಕ್ಟರು ಎಷ್ಟು ದಿನದಿಂದ ಎಂದು ಕೇಳಿದರು. ನಿನ್ನೆಯಿಂದ ಎಂದೆ. ಅವರು ನನ್ನನ್ನೇ ನೋಡಿದರು. 'ಎರಡು ತಿಂಗಳು ಮೊದಲು ತೋರಿಸಿದ್ದರೆ ತೆಗೆಯಬಹುದಿತ್ತು' ಎಂದರು.

ಅವಳು ಪಕ್ಕದಲ್ಲೇ ಕೂತಿದ್ದಳು. ಬೆರಳುಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು.

ಆ ಎರಡು ತಿಂಗಳನ್ನು ನಾನು ದಿನಾ ಹುಡುಕುತ್ತೇನೆ. ಎಲ್ಲಿ ಕಣ್ಣು ತಪ್ಪಿದೆ, ಯಾವ ದಿನ, ಯಾವ ಹೊತ್ತು. ಸಿಕ್ಕುವುದಿಲ್ಲ. ನೀವು ಕೇಳಿದ್ದು ಸರಿಯಾಗಿಯೇ ಇತ್ತು. ಅದಕ್ಕೇ ನಿಮ್ಮ ಮುಖ ನೋಡಲು ನನಗೆ ಧೈರ್ಯವಿಲ್ಲ.

ಇಂತಿ,
ನಿಮ್ಮ ತಂಗಿಯ ಗಂಡ


ಜೂನ್ 11

ಬಲಗಡೆಗೆ,

ನಿನ್ನ ಕಾಗದ ಬಂದು ಎರಡು ತಿಂಗಳ ಮೇಲಾಯಿತು. ಇದು ನಾನು ಬರೆಯುತ್ತಿರುವ ಆರನೆಯದು, ಮೊದಲಿನ ಐದನ್ನು ಹರಿದು ಹಾಕಿದೆ. ಇದನ್ನು ಮುಗಿಸಿದ ತಕ್ಷಣ ಅಂಚೆ ಡಬ್ಬಿಗೆ ಹಾಕಿಬಿಡುತ್ತೇನೆ, ಮತ್ತೆ ಓದುವುದಿಲ್ಲ.

ಗುಜರಿಯವನ ಅಂಗಳಕ್ಕೆ ಹೋಗಿದ್ದೆ. ಅವನು 'ಏನ್ ಸಾರ್, ಚಿನ್ನ ಕಳ್ಕೊಂಡ್ರಾ?' ಎಂದು ನಕ್ಕ. ಹೌದಪ್ಪ ಎಂದೆ. ಮೂರು ಭಾನುವಾರ ಕೂತು ತುಕ್ಕಿನ ರಾಶಿ ಜರಡಿ ಹಿಡಿದೆ. ಬೇರೆಯವರ ಕಪ್ಪು, ಬೇರೆಯವರ ಕ್ರಾಸು ಸಿಕ್ಕವು. ನಮ್ಮದು ಕರಗುವುದಕ್ಕೆ ಹೋಗಿಬಿಟ್ಟಿದೆ. ಮೂರನೇ ವಾರ ಅವನೂ ನಗಲಿಲ್ಲ, ತಾನೂ ಒಂದು ಜರಡಿ ಹಿಡಿದು ಪಕ್ಕದಲ್ಲಿ ಕೂತ.

ಈಗ ನಿನ್ನ ಎರಡು ತಿಂಗಳು. ನೀನು ಹುಡುಕುತ್ತಿರುವುದು ನಿನ್ನ ಮನೆಯಲ್ಲಿ ಸಿಕ್ಕುವುದಿಲ್ಲ. ಅದು ನನ್ನ ಹತ್ತಿರ ಇದೆ.

ಕೊನೆಯ ಸಲ ಕ್ರಾಸು ಹಾಕಿದ ದಿನ ನೆನಪಿದೆಯಲ್ಲ. ಬೆಳಿಗ್ಗೆ ನಿನ್ನ ಬದಿ ಮುಗಿಸಿಕೊಂಡು ನೀನು ಡ್ಯೂಟಿಗೆ ಹೋದೆ. ಮಧ್ಯಾಹ್ನ ನನ್ನ ಬದಿ ಹಿಡಿದೆವು. ಅವಳು ಸೂಜಿ ಬೀಳಿಸಿದಳು. ಎತ್ತಿ ಇಟ್ಟಳು. ಮತ್ತೆ ಬೀಳಿಸಿದಳು. ಅವತ್ತು ಎಣಿಸುತ್ತಲೂ ಇರಲಿಲ್ಲ. ನನಗೆ ಅವಸರ, ರೇಗಿತು. 'ಏನೇ ಪುಟ್ಟಿ, ಕೈಯಲ್ಲಿ ಜೀವ ಇಲ್ವಾ?' ಎಂದೆ. ಅವಳು ಬೆರಳುಗಳನ್ನು ತಿಕ್ಕಿಕೊಳ್ಳುತ್ತಾ, 'ಅಣ್ಣ, ಈ ಬೆರಳ ತುದಿ ನನ್ನದೇ ಅಲ್ಲ ಅನ್ನಿಸ್ತಿದೆ ಕಣೋ. ವಾರದಿಂದ ಹೀಗೇ' ಎಂದಳು.

ನಾನು ಏನೆಂದೆ ಗೊತ್ತಾ? 'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ' ಎಂದೆ. ಅವಳೂ ನಕ್ಕಳು. ನಕ್ಕು, 'ಅವರಿಗೆ ಹೇಳ್ಬೇಡ, ಸುಮ್ನೆ ಗಾಬರಿ ಬೀಳ್ತಾರೆ' ಎಂದಳು. ನಾನು ಹೇಳಲಿಲ್ಲ. ಗುಟ್ಟು ಕಾಪಾಡಿದ್ದಲ್ಲ, ನನಗೆ ಅದು ಹೇಳುವಂಥ ವಿಷಯ ಅನ್ನಿಸಲೇ ಇಲ್ಲ. ಅವಳು ಇಟ್ಟು ಕೊಟ್ಟ ಕಪ್ಪನ್ನು ಎಣಿಸದೆ ಒತ್ತಿ ಲಾಕು ಹಾಕಿದೆ. ಮುಂದಿನ ವಾರ ಗಾಡಿಯಲ್ಲಿ ಎಂದಿನ ಹಾಗೆ ಎರಡು ಸೀಟಿನ ನಡುವಿನ ದಿಂಡಿನ ಮೇಲೆ ದಿಂಬು ಹಾಕಿಕೊಂಡು ನಮ್ಮಿಬ್ಬರ ಮಧ್ಯೆ ಕೂತವಳು, 'ನಿನ್ನ ಕಡೆ ಟಕ್ ಅಂತಿದೆ ಅಣ್ಣ' ಎಂದಳು. 'ನನ್ನ ಕಡೆ ಎಲ್ಲ ಸರಿಯಾಗಿದೆ, ನಿನ್ನ ಕಿವಿ ಸರಿಯಿಲ್ಲ' ಎಂದೆ. ಎರಡು ಸಲ ಹೇಳಿದಳು ಕಣೋ. ಎರಡು ಸಲವೂ ಬಾಯಿ ಮುಚ್ಚಿಸಿದೆ.

ಇದನ್ನು ಮರೆತಿದ್ದೆ, ಇಪ್ಪತ್ಮೂರು ಸೂಜಿ ನೋಡಿ ಈಗ ನೆನಪಾಯಿತು ಎಂದು ಬರೆದಿದ್ದೆ, ಹರಿದು ಹಾಕಿದ ಐದರಲ್ಲೂ. ಸುಳ್ಳು. ಒಂದು ದಿನವೂ ಮರೆತಿಲ್ಲ. ಅವಳನ್ನು ಮಲಗಿಸಿದ್ದ ಕೋಣೆಯಲ್ಲಿ ಯಾರೋ 'ಮೊದಲೇ ಗೊತ್ತಾಗಲಿಲ್ವಾ' ಎಂದರು. ಯಾರನ್ನು ಕೇಳಿದರೋ ಗೊತ್ತಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಅದಕ್ಕಿಂತ ಜಾಣ, ನಿನ್ನ ಹೆಗಲು ತೋರಿಸಿಬಿಟ್ಟೆ. ನಾಲ್ಕು ವರ್ಷ ನಿನ್ನನ್ನು ದೂರ ಇಟ್ಟದ್ದು ಸಿಟ್ಟಿನಿಂದಲ್ಲ. ನೀನು ಹತ್ತಿರ ಬಂದರೆ ಬಾಯಿ ಬಿಟ್ಟುಬಿಡುತ್ತೇನೆ ಎಂಬ ಭಯದಿಂದ.

ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಯೋಗ್ಯತೆ ನನಗಿಲ್ಲ. ಹುಡುಕುವುದನ್ನು ನಿಲ್ಲಿಸು ಎಂದು ಹೇಳುವುದಕ್ಕೆ ಬರೆದೆ.

ಇಂತಿ,
ಅವಳ ಅಣ್ಣ


ಜೂನ್ 19

ನಿನಗೆ ಹೇಳಿದ್ದಳು. ನಿನಗೆ ಗೊತ್ತಿತ್ತು.

ಕೆಲಸದಿಂದ ಬಂದವನು ಅವಳ ಕೈಯಿಂದ ಕಾಫಿ ಇಸಿದುಕೊಂಡು ಕುಡಿದಿದ್ದೇನೆ, ಅರವತ್ತು ದಿನ. ಒಂದೇ ಒಂದು ಮಾತು ಸಾಕಿತ್ತು. 'ಅವಳ ಬೆರಳು ನೋಡೋ' ಎಂದಿದ್ದರೆ ಸಾಕಿತ್ತು. ನಗೆಯಾಡುತ್ತಲೇ ಹೇಳಿದ್ದರೂ ಸಾಕಿತ್ತು.

ನಾಲ್ಕು ವರ್ಷ ನನ್ನನ್ನು ನಾನೇ ಕೊಂದುಕೊಳ್ಳುತ್ತಿದ್ದರೆ ನೀನು ದೂರ ನಿಂತು ನೋಡಿದೆ.

ಇನ್ನು ಬರೆಯಬೇಡ.


ಸೆಪ್ಟೆಂಬರ್ 1

ಬಲಗಡೆಗೆ,

ಬರೆಯಬೇಡ ಎಂದೆ. ಇದೊಂದು, ಅಷ್ಟೇ.

ನಿನ್ನ ಬದಿಗೆ ನಾನು ಕೈ ಹಾಕುವುದಿಲ್ಲ. ಆ ಶಾಫ್ಟು ಯಾವತ್ತಿದ್ದರೂ ನಿನ್ನದು. ಬಿಚ್ಚಿ ಒಯ್ಯುವುದಾದರೂ ಸರಿ, ಹೊಸದು ಹಾಕುವುದಾದರೂ ಸರಿ, ನಿನ್ನ ಕೈಯಿಂದಲೇ ಆಗಬೇಕು. ಶೆಡ್ಡು ಕೆಡವುವವರು ಬಂದು ಕಿತ್ತೆಸೆಯುವಂತಾಗಬಾರದು.

ಹತ್ತನೇ ತಾರೀಕಿನಿಂದ ಹದಿನೈದರವರೆಗೆ ನಾನು ಇಲ್ಲಿ ಇರುವುದಿಲ್ಲ. ದೂರದ ಒಂದು ನೀರಿನ ಘಟಕಕ್ಕೆ ಪಂಪ್ ಕೂರಿಸಲು ಕಳಿಸುತ್ತಿದ್ದಾರೆ. ಬೀಗದ ಕೈ ಅದೇ ಜಾಗದಲ್ಲಿದೆ, ಗೋಡೆಯ ಸಡಿಲ ಇಟ್ಟಿಗೆಯ ಹಿಂದೆ. ನೀನು ಬಂದರೆ ನನ್ನ ಮುಖ ನೋಡುವ ಅಗತ್ಯ ಬೀಳುವುದಿಲ್ಲ. ನಿನ್ನ ಎರಡು ಕಿಟ್ಟು ಬೆಂಚಿನ ಮೇಲಿವೆ. ನಡುವಿನ ಸ್ಟ್ಯಾಂಡು ಸ್ವಲ್ಪ ಜಾರುತ್ತದೆ, ಗಾಡಿಯ ಕೆಳಗೆ ಹೋಗುವ ಮೊದಲು ಮರದ ದಿಮ್ಮಿ ಕೊಡು. ಅಷ್ಟು ಮರೆಯಬೇಡ.

ಎಡಗಡೆ


ಸೆಪ್ಟೆಂಬರ್ 13, ಶೆಡ್ಡು

ಎಡಗಡೆಗೆ,

ಈ ಕಾಗದವನ್ನು ವೈಸಿನ ಬಾಯಿಗೆ ಕಚ್ಚಿಸಿ ಹೋಗುತ್ತೇನೆ.

ಬೀಗ ತೆಗೆದು ಒಳಗೆ ಬಂದದ್ದು ನಿನ್ನೆ ಬೆಳಿಗ್ಗೆ. ನನ್ನ ಶಾಫ್ಟು ಬಿಚ್ಚಿ ಬ್ಯಾಗಿಗೆ ಹಾಕಿಕೊಂಡು, ನಿನ್ನ ಬೆಂಚಿನ ಮೇಲೆ ಒಂದು ಕೆಟ್ಟ ಮಾತು ಬರೆದಿಟ್ಟು ಹೋಗಬೇಕು ಎಂದೇ ಬಂದದ್ದು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಆ ಮಾತನ್ನು ಜೋಡಿಸುತ್ತಿದ್ದೆ. ಒಳ್ಳೆಯ ಮಾತೇ ಸಿಕ್ಕಿತ್ತು.

ಶಾಫ್ಟು ಬಿಚ್ಚಿದೆ. ಲಾಕು ತೆಗೆದು, ವೈಸಿನಲ್ಲಿ ಒತ್ತಿ, ಎಂಟು ಕಪ್ಪನ್ನೂ ಒಂದೊಂದಾಗಿ ಹೊರಗೆ ತಂದೆ. ಒಂದು ಸೂಜಿಯೂ ಬೀಳದ ಹಾಗೆ ತಂದೆ. ಅವಳು ಎಣಿಸುವ ಹಾಗೆಯೇ ಜೋರಾಗಿ ಎಣಿಸಿದೆ. ಎಂಟರಲ್ಲೂ ಇಪ್ಪತ್ನಾಲ್ಕು. ನನ್ನ ಬದಿಯಲ್ಲಿ ಒಂದೂ ಕಡಿಮೆ ಇರಲಿಲ್ಲ. ಆಗ ನಿನ್ನ ಮೇಲಿನ ಸಿಟ್ಟು ಇನ್ನೂ ಹೆಚ್ಚಾಯಿತು. ನೋಡು, ನನ್ನ ಜೊತೆ ಇದ್ದಾಗ ಅವಳ ಕೈ ಸರಿಯಾಗಿಯೇ ಇತ್ತು, ಮಧ್ಯಾಹ್ನ ನಿನ್ನ ಹತ್ತಿರ ಬಂದಾಗ ಕೆಟ್ಟಿತು, ನೀನು ಮುಚ್ಚಿಟ್ಟೆ. ಹಾಗೆ ಅಂದುಕೊಂಡೆ.

ಗಾಡಿಯನ್ನು ಕುಂಟನಾಗಿ ಬಿಟ್ಟು ಹೋಗಲು ಕೈ ಬರಲಿಲ್ಲ. ಮೆಕ್ಯಾನಿಕ್ ಬುದ್ಧಿ. ಹೊಸ ಕಿಟ್ಟು ಬಿಚ್ಚಿ, ಸೂಜಿ ತೊಳೆದು, ಗ್ರೀಸ್ ಹಚ್ಚಿ ಕೂತೆ. ನನ್ನ ಬೆರಳೂ ಒನಕೆಯೇ ಕಣೋ. ನಾಲ್ಕು ನಿಲ್ಲಿಸಿದರೆ ಮೂರು ಬೀಳುತ್ತವೆ. ತಳ್ಳುವುದಕ್ಕೆ ತೆಳ್ಳನೆಯದು ಏನಾದರೂ ಇದೆಯಾ ಎಂದು ಬೆಂಚಿನ ಡ್ರಾಯರಿನಲ್ಲಿ ಕೆದಕಿದೆ. ವಾಷರುಗಳ ಕೆಳಗೆ ಒಂದು ಹೇರ್‌ಪಿನ್ನು ಸಿಕ್ಕಿತು. ಅವಳದ್ದು. ತುದಿಗೆ ಗ್ರೀಸು ಕಪ್ಪಗೆ ಗಟ್ಟಿಯಾಗಿತ್ತು.

ಅದನ್ನು ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟೆ. ಆ ಬೆಳಿಗ್ಗೆ ಪೂರ್ತಿ ಕಣ್ಣ ಮುಂದೆ ಬಂತು. ಅವಳು ತಲೆಯಿಂದ ಪಿನ್ನು ಕಿತ್ತು, ಅದರಲ್ಲಿ ಒಂದೊಂದೇ ಸೂಜಿ ತಳ್ಳಿ ನಿಲ್ಲಿಸುತ್ತಿದ್ದಳು. ಇಪ್ಪತ್ತು ವರ್ಷ ಬರಿ ಬೆರಳಲ್ಲಿ ಇಟ್ಟವಳು! ನಾನು ಪಕ್ಕದಲ್ಲೇ ನಿಂತಿದ್ದೆ, ಇಷ್ಟು ಹತ್ತಿರ. 'ಭಲೇ, ಹೊಸ ಉಪಾಯ ಕಂಡುಹಿಡಿದಿದ್ದೀಯಲ್ಲೇ' ಎಂದೆ. ಅವಳು ನನ್ನ ಮುಖ ನೋಡಿದಳು. ಏನೋ ಹೇಳುವುದಕ್ಕೆ ಬಾಯಿ ತೆರೆದವಳು, 'ಹೂಂ, ಹೆಂಗಿದೆ ನನ್ನ ತಲೆ?' ಎಂದು ನಕ್ಕಳು. ನಾನು ಟಿಫಿನ್ ಡಬ್ಬಿ ಎತ್ತಿಕೊಂಡು ಡ್ಯೂಟಿಗೆ ಹೋದೆ.

ನಿನಗೆ ಬಾಯಲ್ಲಿ ಹೇಳಿದಳು. ನನಗೆ ಅದಕ್ಕೂ ಮೊದಲೇ ಕೈಯಲ್ಲಿ ತೋರಿಸಿದ್ದಳು. ನೀನು ಬೈದೆ, ನಾನು ಭಲೇ ಎಂದೆ. ನಾಲ್ಕು ವರ್ಷ ಹುಡುಕಿದ ದಿನ ನನ್ನ ಕಣ್ಣೆದುರೇ ಇತ್ತು, ನಾನು ಅದನ್ನು ಸಂತೋಷದ ದಿನ ಎಂದು ಬೇರೆ ಕಡೆ ಎತ್ತಿಟ್ಟಿದ್ದೆ.

ಹೊಸ ಸೂಜಿಗಳನ್ನು ಅವಳ ಪಿನ್ನಿನಿಂದಲೇ ಇಟ್ಟೆ. ನಿನ್ನೆ ಸಂಜೆ ನಾಲ್ಕು ಕಪ್ಪು, ಇವತ್ತು ನಾಲ್ಕು. ಶಾಫ್ಟು ಏರಿಸಿ, ಬೋಲ್ಟು ಬಿಗಿ ಮಾಡಿ, ಚಕ್ರ ತಿರುಗಿಸಿ ನೋಡಿದ್ದೇನೆ. ಬಲಗಡೆ ಸರಿಯಾಗಿದೆ.

ಕ್ಷಮಿಸಿದ್ದೇನೆ ಎಂದು ಬರೆಯಲು ಪೆನ್ನು ಏಳುತ್ತಿಲ್ಲ, ಎಡಗಡೆ. ನಿನ್ನದನ್ನು ಕ್ಷಮಿಸಿದರೆ ನನ್ನದನ್ನು ಯಾರ ಹತ್ತಿರ ಒಯ್ಯಲಿ? ಇಬ್ಬರದ್ದಕ್ಕೂ ಉತ್ತರ ಹೇಳಬೇಕಾದವಳು ಒಬ್ಬಳೇ, ಅವಳಿಲ್ಲ. ನೀನು ಬರುವ ಮೊದಲು ಹೊರಡುತ್ತೇನೆ. ಈಗಲೇ ನಿನ್ನ ಮುಖ ನೋಡಲಾರೆ.

ಪಿನ್ನು ನಾನು ಒಯ್ಯುತ್ತಿದ್ದೇನೆ. ಹಳೆಯ ಎಂಟರಲ್ಲಿ ಏಳು ಕಪ್ಪನ್ನೂ ಒಯ್ಯುತ್ತಿದ್ದೇನೆ. ನಿನ್ನ ಎಂಟೂ ಹೋದವಲ್ಲ, ಒಂದನ್ನು ಬೆಂಚಿನ ಮೇಲೆ ಲೋಟ ಕವುಚಿ ಮುಚ್ಚಿಟ್ಟಿದ್ದೇನೆ. ತೊಳೆಯಬೇಡ. ಅವಳು ಇಟ್ಟ ಹಾಗೇ ಇವೆ, ಇಪ್ಪತ್ನಾಲ್ಕೂ.

ಬಲಗಡೆ


ನವೆಂಬರ್ 22

ಬಲಗಡೆಗೆ,

ಇದನ್ನು ಗಾಡಿಯ ವೈಪರಿಗೆ ಸಿಕ್ಕಿಸುತ್ತಿದ್ದೇನೆ, ಮನೆಯೊಳಗಿನಿಂದ ನಿನಗೆ ಕಾಣುತ್ತದೆ.

ಮುಂದಿನ ವಾರ ಶೆಡ್ಡು ಕೆಡವುತ್ತಾರೆ. ನನ್ನದು ಮೂರನೇ ಮಹಡಿಯ ಒಂದೇ ಕೋಣೆ, ಗಾಡಿಯನ್ನು ಮಂಚದ ಕೆಳಗೆ ಇಡುವುದಕ್ಕಾಗುವುದಿಲ್ಲ. ನಿನ್ನ ಮನೆಗೆ ಗೇಟಿದೆ, ಮುಂದೆ ಜಾಗ ಇದೆ. ಮೂರು ಗಂಟೆ ಓಡಿಸಿಕೊಂಡು ಬಂದೆ. ದಿಂಬನ್ನು ಒಗೆದು ಅದರ ಜಾಗದಲ್ಲೇ ಇಟ್ಟಿದ್ದೇನೆ. ಅದರ ಮೇಲೆ ಬ್ಯಾಗು ಇಡಲೂ ಮನಸ್ಸಾಗಲಿಲ್ಲ, ಪಕ್ಕದ ಸೀಟಿನಲ್ಲಿ ಇಟ್ಟುಕೊಂಡು ಬಂದೆ.

ದಾರಿಯುದ್ದಕ್ಕೂ ಕಿವಿ ಎಡಗಡೆಯೇ ಇತ್ತು. ನನ್ನ ಕಿವಿಯನ್ನು ನಾನೇ ನಂಬುವುದಿಲ್ಲ. ಸರಿಯಾಗಿದೆ ಎಂದು ಅವಳಿಗೆ ಎರಡು ಸಲ ಹೇಳಿದ ಕಿವಿ ಇದು.

ಬಾಗಿಲು ತಟ್ಟುವುದಿಲ್ಲ. ಹತ್ತೂವರೆಗೆ ವಾಪಸ್ ಬಸ್ಸಿದೆ. ಗಾಡಿಯ ಕೀಲಿ ಸೀಟಿನ ಕೆಳಗಿದೆ. ನೀನು ಕೊಟ್ಟ ಕಪ್ಪು ನನ್ನ ಜೇಬಿನಲ್ಲಿದೆ, ಕರವಸ್ತ್ರದಲ್ಲಿ ಕಟ್ಟಿದ್ದೇನೆ.

ಎಡಗಡೆ


ನವೆಂಬರ್ 22

ಎಡಗಡೆಗೆ,

ಬಾಗಿಲ ಪಕ್ಕದ ಕಿಟಕಿಯಿಂದ ನೋಡುತ್ತಿದ್ದೆ. ನೀನು ಗಾಡಿ ನಿಲ್ಲಿಸಿದ್ದು, ಎಡಗಡೆಯ ಚಕ್ರದ ಹತ್ತಿರ ಬಗ್ಗಿ ನೋಡಿದ್ದು, ಗೇಟಿನ ಚಿಲಕದ ಮೇಲೆ ಕೈ ಇಟ್ಟು ಹಿಂದಕ್ಕೆ ತೆಗೆದದ್ದು, ಎಲ್ಲ ನೋಡಿದೆ. ಬಾಗಿಲ ಹಿಂದೆಯೇ ನಿಂತಿದ್ದೆ. ಆದರೂ ತೆರೆಯಲಿಲ್ಲ. ಎಷ್ಟು ತೆಳ್ಳಗಾಗಿದ್ದೀಯಲ್ಲೋ.

ಕಾಗದ ಓದಿ, ಕೀಲಿ ಹುಡುಕಿ, ಚಪ್ಪಲಿಯನ್ನೂ ಹಾಕಿಕೊಳ್ಳದೆ ಗಾಡಿ ತೆಗೆದೆ. ಬಸ್ ನಿಲ್ದಾಣ ಮುಟ್ಟಿದಾಗ ಹತ್ತೂಮುಕ್ಕಾಲು. ನೀನು ಹೊರಟುಹೋಗಿದ್ದೆ. ಸೋಡಾ ಅಂಗಡಿಯವನು, 'ಕರವಸ್ತ್ರ ಹಿಡ್ಕೊಂಡು ಅಳ್ತಾ ಕೂತಿದ್ರಲ್ಲ, ಅವರಾ? ಈಗ ತಾನೇ ಹತ್ತಿದ್ರು' ಎಂದ. ಬಸ್ಸಿನ ಹಿಂದೆ ಊರಾಚೆಯ ಸೇತುವೆಯವರೆಗೂ ಹೋದೆ. ಸಿಕ್ಕಲಿಲ್ಲ.

ವಾಪಸ್ ಬರುವಾಗ ನಿಧಾನವಾಗಿ ಬಂದೆ. ತಿರುವಿನಲ್ಲಿ, ಏರಿನಲ್ಲಿ, ಹಳ್ಳದಲ್ಲಿ, ಎಲ್ಲ ಕಡೆ ನಿನ್ನ ಬದಿಗೆ ಕಿವಿ ಕೊಟ್ಟೆ. ದಿಂಬಿನ ಮೇಲೆ ಒಂದು ಕೈ ಇಟ್ಟುಕೊಂಡಿದ್ದೆ.

ನಿನ್ನ ಕಡೆ ಸದ್ದಿಲ್ಲ, ಎಡಗಡೆ. ಅವಳಿದ್ದಿದ್ದರೆ ಅವಳೇ ಹೇಳುತ್ತಿದ್ದಳು. ಇಲ್ಲವಲ್ಲ, ಅದಕ್ಕೆ ನಾನು ಹೇಳುತ್ತಿದ್ದೇನೆ.

ಬಲಗಡೆ